ಯಾವ ಕಲಾಂಕಿಗೆ ಹೋಗೋದು? ಫೋಟೊ ನೋಡಿ ಆರಿಸಬೇಡಿ, ಮೊಣಕಾಲು ನೋಡಿ ಆರಿಸಿ

ಆ ಚಿತ್ರ ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ. ಎರಡೂ ಕಡೆ ನೆಟ್ಟಗೆ ನಿಂತ ಬಿಳಿ ಬಂಡೆ, ನಡುವೆ ಹಸಿರೋ ನೀಲಿಯೋ ಹೇಳಲಾಗದ ನೀರು, ತುದಿಯಲ್ಲಿ ಅಂಗೈಯಗಲದ ದಂಡೆ. ಕೆಳಗೆ ಯಾರೋ ‘ಗ್ರೀಸ್’ ಅಂತಲೋ ‘ಇಟಲಿ’ ಅಂತಲೋ ಬರೆದಿರುತ್ತಾರೆ. ಹತ್ತರಲ್ಲಿ ಐದು ಸಲ ಅದು ಫ್ರಾನ್ಸಿನ ದಕ್ಷಿಣ ತೀರದ ಆನ್-ವೋ ಎಂಬ ಕಲಾಂಕ್, ಅಂದರೆ ಬಂಡೆಗಳ ನಡುವಿನ ಕಿರಿದಾದ ಕೊಲ್ಲಿ.

ನಾವು ಎಕ್ಸ್-ಆನ್-ಪ್ರೊವಾನ್ಸ್‌ನಲ್ಲಿ ನಾಲ್ಕು ವರ್ಷ ಇದ್ದೆವು. ಅಲ್ಲಿಂದ ಈ ತೀರಕ್ಕೆ ಕಾರಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಶಿವಮೊಗ್ಗದಿಂದ ಬಂದ ನೆಂಟರಿಷ್ಟರೆಲ್ಲ ಫೋನ್ ಮುಂದೆ ಹಿಡಿದು ಕೇಳುತ್ತಿದ್ದುದು ಒಂದೇ: “ಇಲ್ಲಿಗೆ ಕರ್ಕೊಂಡು ಹೋಗ್ತೀಯಾ?” ಮೊದಲ ವರ್ಷ ಕೇಳಿದವರನ್ನೆಲ್ಲ ಆನ್-ವೋಗೇ ಕರೆದುಕೊಂಡು ಹೋದೆ. ಎರಡನೇ ವರ್ಷದಿಂದ ಮೊದಲು ಅವರ ಚಪ್ಪಲಿ ನೋಡಿ, ಆಮೇಲೆ ವಯಸ್ಸು ಕೇಳಿ, ಕೊನೆಗೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ನೋಡಿ ಜಾಗ ತೀರ್ಮಾನಿಸುವುದು ಕಲಿತೆ.

ಮಾರ್ಸೇ ನಗರದ ದಕ್ಷಿಣದ ಅಂಚಿನಿಂದ ಕಸಿ ಎಂಬ ಮೀನುಗಾರರ ಊರಿನವರೆಗೆ ಸುಣ್ಣಕಲ್ಲಿನ ಗುಡ್ಡಸಾಲು ನೇರ ಕಡಲಿಗೆ ಇಳಿಯುತ್ತದೆ. ಆ ಗುಡ್ಡಗಳ ನಡುವೆ ಸಮುದ್ರ ಬೆರಳು ತೂರಿಸಿದಂತೆ ಒಳಗೆ ಬಂದಿರುವ ಕಿರಿದಾದ ಕೊಲ್ಲಿಗಳಿಗೆ ಅಲ್ಲಿಯವರು ‘ಕಲಾಂಕ್’ ಅನ್ನುತ್ತಾರೆ. ಒಂದಾನೊಂದು ಕಾಲದಲ್ಲಿ ಇವೆಲ್ಲ ಹೊಳೆ ಕೊರೆದ ಕಣಿವೆಗಳು. ಹಿಮಯುಗದಲ್ಲಿ ಕಡಲು ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಹಿಮ ಕರಗಿ ನೀರು ಏರಿದಾಗ ಕಣಿವೆಗಳ ಬುಡ ಮುಳುಗಿತು, ಮೇಲಿನ ಗೋಡೆ ಉಳಿಯಿತು. 2012ರ ಏಪ್ರಿಲ್‌ನಲ್ಲಿ ಇಡೀ ಪ್ರದೇಶವನ್ನು, ಹೆಚ್ಚಿನ ಪಾಲು ಸಮುದ್ರವನ್ನೂ ಸೇರಿಸಿ, ರಾಷ್ಟ್ರೀಯ ಉದ್ಯಾನ ಮಾಡಿದರು.

ಊರಿನ ಹೆಸರಿನ ಬಗ್ಗೆ ಒಂದು ಮಾತು. ಬರೆಯುವಾಗ ಕೊನೆಯಲ್ಲಿ ‘ಸ್’ ಇದೆ, ಆದರೆ ಊರವರು ಅದನ್ನು ನುಂಗಿ ‘ಕಸಿ’ ಅನ್ನುತ್ತಾರೆ. ನಮ್ಮ ಕಸಿ ಮಾವಿನ ಕಸಿಯೇ. ‘ಕಸಿಸ್’ ಅಂದರೆ ಅದು ಹಣ್ಣಿನ ಹೆಸರು, ಟಿಕೆಟ್ ಕೌಂಟರಿನವನು ನಗುತ್ತಾನೆ.

ಆರಿಸುವ ಮೊದಲು ಬಾಗಿಲು ತೆರೆದಿದೆಯೋ ನೋಡಿ

ಬೆಂಗಳೂರಿನಿಂದ ಬರುವ ಹೆಚ್ಚಿನವರು ಶಾಲೆಯ ರಜೆಗೋ ಆಫೀಸಿನ ರಜೆಗೋ ಜೋತುಬಿದ್ದು ಜೂನ್, ಜುಲೈ, ಆಗಸ್ಟ್ ತಿಂಗಳಲ್ಲಿ ಬರುತ್ತಾರೆ. ಅಲ್ಲಿ ಬೇಸಿಗೆ ಆಗಲೇ, ಕಲಾಂಕ್‌ಗಳಿಗೆ ಅದೇ ಕಷ್ಟದ ಕಾಲ. ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಕಾಡ್ಗಿಚ್ಚಿನ ಭಯಕ್ಕೆ ಗುಡ್ಡದ ಪ್ರವೇಶ ದಿನದಿನದ ಲೆಕ್ಕದಲ್ಲಿ ನಡೆಯುತ್ತದೆ. ಬೆಂಕಿಯ ಅಪಾಯ ಎಷ್ಟೆಂದು ಬಣ್ಣದಲ್ಲಿ ಹೇಳುತ್ತಾರೆ, ನಾಳೆಗೆ ಯಾವ ಬಣ್ಣ ಎಂದು ಹಿಂದಿನ ಸಂಜೆ ಪ್ರಕಟಿಸುತ್ತಾರೆ. ಉದ್ಯಾನದವರ ‘ಮೇ ಕಲಾಂಕ್’ ಆ್ಯಪಿನಲ್ಲಿ ಸಿಗುತ್ತದೆ. ಕೆಂಪು ಬಂತೆಂದರೆ ಕಾಲ್ದಾರಿಗಳೆಲ್ಲ ಬಂದ್. “ನಾವು ಭಾರತದಿಂದ ಬಂದಿದ್ದೇವೆ, ನಾಳೆ ವಿಮಾನ” ಎಂಬ ಕತೆ ಕಾವಲಿನ ಹುಡುಗರು ದಿನಾ ಕೇಳಿರುತ್ತಾರೆ.

ಇದು ಅತಿ ಅನಿಸಿದರೆ ಗುಡ್ಡದ ಮೈ ನೋಡಿ. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ. ನಮ್ಮ ಆಗುಂಬೆಯಲ್ಲಿ ಜುಲೈ ತಿಂಗಳ ಒಂದೆರಡು ವಾರಕ್ಕೆ ಬೀಳುವಷ್ಟು. ಬಿದ್ದದ್ದೂ ಸುಣ್ಣಕಲ್ಲಿನ ಬಿರುಕಿನಲ್ಲಿ ಇಳಿದುಹೋಗುತ್ತದೆ, ತೊರೆಯಿಲ್ಲ, ಕೆರೆಯಿಲ್ಲ. ಮೇಲೆ ರಾಳ ತುಂಬಿದ ಪೈನ್ ಮರ, ಒಣಗಿದ ಕುರುಚಲು, ಅದರ ಮೇಲೆ ಉತ್ತರದಿಂದ ರಭಸವಾಗಿ ಬೀಸುವ ಮಿಸ್ತ್ರಾಲ್ ಗಾಳಿ. 1990ರ ಆಗಸ್ಟಿನಲ್ಲಿ ಹತ್ತಿದ ಬೆಂಕಿ ಸಾವಿರಾರು ಹೆಕ್ಟೇರ್ ಸುಟ್ಟಿತು. ಆದ್ದರಿಂದ ಸಿಗರೇಟು ಹಚ್ಚುವಂತಿಲ್ಲ, ಒಲೆ ಹೂಡುವಂತಿಲ್ಲ, ರಾತ್ರಿ ಟೆಂಟು ಹಾಕುವಂತಿಲ್ಲ. ಡ್ರೋನ್ ತಂದಿದ್ದರೆ ಹೋಟೆಲಿನಲ್ಲೇ ಬಿಡಿ.

ಇನ್ನೊಂದು, ಕುಡಿಯುವ ನೀರು. ದಾರಿಯಲ್ಲಿ ಎಲ್ಲೂ ಇಲ್ಲ. ತಲೆಗೆ ಎರಡು ಲೀಟರ್ ಹೊರಲೇಬೇಕು. ನಮ್ಮಲ್ಲಿ ಬೆಟ್ಟ ಹತ್ತಿದರೆ ಅರ್ಧ ದಾರಿಯಲ್ಲಿ ಒಬ್ಬರಾದರೂ ಮಜ್ಜಿಗೆ, ಸೌತೆಕಾಯಿ ಇಟ್ಟುಕೊಂಡು ಕೂತಿರುತ್ತಾರಲ್ಲ, ಆ ಭಾಗ್ಯ ಇಲ್ಲಿಲ್ಲ.

ಕಸಿ ಕಡೆಯ ಮೂರು: ಒಂದೇ ದಾರಿ, ಮೂರು ಬೇರೆ ಬೇರೆ ಕಷ್ಟ

ಕಸಿ ಬಂದರಿನಿಂದ ಪಶ್ಚಿಮಕ್ಕೆ ನಡೆದರೆ ಒಂದರ ಹಿಂದೆ ಒಂದು ಮೂರು ಕಲಾಂಕ್ ಸಿಗುತ್ತವೆ: ಪೋರ್-ಮಿಯು, ಪೋರ್-ಪ್ಯಾನ್, ಆನ್-ವೋ. ಮೊದಲನೆಯದಕ್ಕೆ ಅರ್ಧ ಗಂಟೆ, ಎರಡನೆಯದಕ್ಕೆ ಒಂದು ಗಂಟೆ, ಮೂರನೆಯದಕ್ಕೆ ಒಂದೂವರೆಯಿಂದ ಎರಡು. ಗೋಕರ್ಣದಲ್ಲಿ ಓಂ ಬೀಚಿನಿಂದ ಹಾಫ್ ಮೂನ್, ಅಲ್ಲಿಂದ ಪ್ಯಾರಡೈಸ್ ಅಂತ ಗುಡ್ಡ ಬಳಸಿ ನಡೆದವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಮುಂದೆ ಹೋದಷ್ಟೂ ಚೆಂದ, ಮುಂದೆ ಹೋದಷ್ಟೂ ಸುಸ್ತು. ವ್ಯತ್ಯಾಸ ಏನೆಂದರೆ ಅಲ್ಲಿ ಸುಸ್ತಾದರೆ ದೋಣಿಯವನು ಸಿಗುತ್ತಾನೆ. ಇಲ್ಲಿ ಹೋದ ಕಾಲಲ್ಲೇ ಹಿಂದೆ ಬರಬೇಕು.

ಪೋರ್-ಮಿಯು ಸುಮಾರು ಒಂದೂಕಾಲು ಕಿಲೋಮೀಟರ್ ಉದ್ದದ ಓಣಿ. ಎರಡೂ ದಡಕ್ಕೆ ಹಾಯಿದೋಣಿಗಳನ್ನು ಸಾಲಾಗಿ ಕಟ್ಟಿದ್ದಾರೆ. ಮಂಗಳೂರಿನ ಧಕ್ಕೆಯಲ್ಲಿ ಮಳೆಗಾಲಕ್ಕೆ ಕಟ್ಟಿಹಾಕಿದ ಬೋಟುಗಳ ನೆನಪಾಗುತ್ತದೆ, ಮೀನಿನ ವಾಸನೆ ಮಾತ್ರ ಇಲ್ಲ. ಫೋಟೊ ಹುಚ್ಚಿನವರು ಇದನ್ನು ‘ಬರೀ ಪಾರ್ಕಿಂಗ್’ ಎಂದು ಮೂಗು ಮುರಿದು ಮುಂದೆ ಹೋಗುತ್ತಾರೆ. ನನಗೆ ಮಾತ್ರ ಇದು ಮೂರರಲ್ಲಿ ಹೆಚ್ಚು ಹೊತ್ತು ನಿಂತು ನೋಡುವ ಜಾಗ. ಹಳೆಯ ಕಲ್ಲುಗಣಿಯ ಅವಶೇಷ ಇಲ್ಲೇ ಇದೆ. ಕಸಿಯ ಬಿಳಿ ಕಲ್ಲನ್ನು ಕಡಿದು ಇಲ್ಲಿಂದಲೇ ಹಡಗಿಗೆ ತುಂಬುತ್ತಿದ್ದರು. ಬಂದರಿನ ಕಟ್ಟೆ, ಮನೆಯ ಮೆಟ್ಟಿಲು, ಅಡುಗೆಮನೆಯ ಕಲ್ಲಿನ ತೊಟ್ಟಿ, ಎಲ್ಲಕ್ಕೂ ಆ ಕಲ್ಲು ಹೋಗಿದೆ. ಆ ನೀರಿನ ಕೆಳಗೊಂದು ನದಿಯೂ ಇದೆ. ಗುಡ್ಡದೊಳಗೆ ಇಂಗಿದ ಮಳೆನೀರು ನೆಲದಡಿಯ ಗುಹೆಗಳಲ್ಲಿ ಹರಿದು ಪೋರ್-ಮಿಯುವಿನ ದಡದ ಬುಡದಲ್ಲಿ, ಕಡಲ ಮಟ್ಟದ ಕೆಳಗೆ, ಹೊರಬೀಳುತ್ತದೆ. ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ ಆ ಗುಹೆಯೊಳಗೇ ಒಂದು ಒಡ್ಡು ಕಟ್ಟಿ ಉಪ್ಪುನೀರನ್ನು ತಡೆದು ಸಿಹಿನೀರು ಹಿಡಿಯಲು ಹೊರಟರು. ಸಮುದ್ರ ಇನ್ನೂ ಆಳದಿಂದ ಬಂದು ಬೆರೆಯುತ್ತಿತ್ತು, ಕೆಲಸ ಕೈಗೂಡಲಿಲ್ಲ. ದಡದಲ್ಲಿ ಬಾಗಿ ಅಂಗೈಯಲ್ಲಿ ನೀರೆತ್ತಿ ನಾಲಿಗೆಗೆ ಮುಟ್ಟಿಸಿದ್ದೆ. ಮಲ್ಪೆಯ ನೀರಿಗೆ ಹೋಲಿಸಿದರೆ ಸಪ್ಪೆ, ಜೊತೆಗೆ ತಣ್ಣಗೆ ಕೊರೆಯುತ್ತಿತ್ತು.

ವಯಸ್ಸಾದವರಿಗೆ, ತಳ್ಳುಗಾಡಿಯ ಕೂಸಿರುವವರಿಗೆ ಇಷ್ಟೇ ಸಾಕು. ಇಲ್ಲಿಯವರೆಗೆ ದಾರಿ ಹೆಚ್ಚುಕಡಿಮೆ ಡಾಂಬರು. ಕೊನೆಯಲ್ಲಿ ಸ್ವಲ್ಪ ಜಲ್ಲಿ. ಈಜುವ ಆಸೆಯಿದ್ದರೆ ಮಾತ್ರ ಇದು ನಿಮ್ಮ ಜಾಗವಲ್ಲ.

ಈಜುವವರಿಗೆ ಪೋರ್-ಪ್ಯಾನ್. ‘ಪ್ಯಾನ್’ ಅಂದರೆ ಪೈನ್ ಮರ. ಬಂಡೆಯ ಸಂದಿಯಲ್ಲಿ ಬೇರು ಬಿಟ್ಟು ನೀರಿನ ಕಡೆಗೆ ಬಾಗಿದ ಮರಗಳಿಂದಲೇ ಹೆಸರು. ಕೊಲ್ಲಿ ಸಣ್ಣದು, ನೀರಿಗೆ ಇಳಿಯುವುದು ಸುಲಭ, ದಂಡೆಯಲ್ಲಿ ಮರಳು ಕಲ್ಲು ಎರಡೂ ಇವೆ. ಪಕ್ಕದಲ್ಲಿ ಹಾಸುಗಲ್ಲು ಚಾಪೆ ಹಾಸಿದ ಹಾಗೆ ಕಡಲವರೆಗೆ ಹೋಗುತ್ತದೆ. ಮಧ್ಯಾಹ್ನಕ್ಕೂ ನೆರಳು ಸಿಗುತ್ತದೆ, ಈ ಸುಣ್ಣದ ಗುಡ್ಡದಲ್ಲಿ ಅದೇ ದೊಡ್ಡದು. ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಹೋಗಿ ಇಲ್ಲಿ ಕೂತು ತಿಂದಷ್ಟು ಖುಷಿಯ ಊಟ ನಾನು ಆ ದೇಶದಲ್ಲಿ ಬೇರೆಲ್ಲೂ ಮಾಡಿಲ್ಲ. ಒಂದೇ ಎಚ್ಚರಿಕೆ: ಕಡಲಹಕ್ಕಿಗಳು. ಮಾರ್ಸೇ ಕಡೆಯವರು ಅವಕ್ಕೆ ‘ಗಬಿಯಾನ್’ ಅನ್ನುತ್ತಾರೆ, ಹೇಳುವ ಧ್ವನಿಯಲ್ಲಿ ನಾವು ಧರ್ಮಸ್ಥಳದ ಮಂಗಗಳ ಬಗ್ಗೆ ಮಾತಾಡುವ ಬೇಸರವೇ ಇರುತ್ತದೆ. ಅಮ್ಮ ಚಪಾತಿ ಮಡಚಿ ಬಾಯಿಗಿಡುವಷ್ಟರಲ್ಲಿ ಹಿಂದಿನಿಂದ ಒಂದು ರೆಕ್ಕೆ ಕಿವಿಗೆ ತಾಗಿತು, ಕೈಯಲ್ಲಿ ಉಳಿದದ್ದು ಆಲೂಗಡ್ಡೆ ಪಲ್ಯ ಮಾತ್ರ.

ಈಗ ಆನ್-ವೋ.

ಪೋರ್-ಪ್ಯಾನ್‌ನಿಂದ ಮೇಲೇರಿದರೆ ಬೋಳು ಬಯಲಿನಂಥ ಒಂದು ಎತ್ತರ. ಅದರ ಅಂಚಿಗೆ ಬಂದು ಬಗ್ಗಿದರೆ ಕೆಳಗೆ ವಾಟ್ಸಾಪಿನ ಚಿತ್ರ. ನೆಟ್ಟಗಿನ ಗೋಡೆಗಳು, ‘ದೇವರ ಬೆರಳು’ ಎಂದು ಕರೆಯುವ ಒಂಟಿ ಬಂಡೆ, ಗೋಡೆಗೆ ಅಂಟಿಕೊಂಡು ಹಗ್ಗದಲ್ಲಿ ಹತ್ತುತ್ತಿರುವ ಇರುವೆಯಷ್ಟು ಚಿಕ್ಕ ಜನ. ನೀವು ಕಂಡ ಫೋಟೊ ತೆಗೆದದ್ದು ಇಲ್ಲಿಂದ, ಇಲ್ಲವೇ ದೋಣಿಯಿಂದ. ದಂಡೆಯಲ್ಲಿ ನಿಂತು ತೆಗೆದದ್ದಲ್ಲ. ಇಳಿಯಲೇಬೇಕು ಅನ್ನುವವರು ಈ ಮಾತನ್ನು ಒಮ್ಮೆ ಯೋಚಿಸಬೇಕು.

ಏಕೆಂದರೆ ಇಳಿಯುವ ದಾರಿ ದಾರಿಯಲ್ಲ, ಬಂಡೆ. ಲಕ್ಷಾಂತರ ಬೂಟು ಉಜ್ಜಿ ಉಜ್ಜಿ ಸುಣ್ಣಕಲ್ಲು ಹಳೇ ದೇವಸ್ಥಾನದ ಹೊಸಿಲಿನ ಹಾಗೆ ನುಣ್ಣಗಾಗಿದೆ, ಹೊಳೆಯುತ್ತದೆ. ನಮ್ಮ ಭಾವ “ಕುದುರೆಮುಖ ಹತ್ತಿದೀನಿ, ಇದೇನು ಮಹಾ” ಎಂದು ರಬ್ಬರ್ ಚಪ್ಪಲಿಯಲ್ಲೇ ಹೊರಟಿದ್ದರು. ಅರ್ಧ ಇಳಿದ ಮೇಲೆ ಎಡ ಚಪ್ಪಲಿ ಅಡಿಯಿಂದ ಜಾರಿತು, ಮನುಷ್ಯ ಕುಂಡೆಯ ಮೇಲೆ ಮೂರು ಮೆಟ್ಟಿಲಿನಷ್ಟು ಸರಿದು ಒಂದು ಪೈನ್ ಬೇರು ಹಿಡಿದು ನಿಂತರು. ಪೆಟ್ಟು ಮೊಣಕೈಗೆ, ಅದಕ್ಕಿಂತ ಹೆಚ್ಚು ಮರ್ಯಾದೆಗೆ. ಉಳಿದ ದಾರಿ ಬರಿಗಾಲಲ್ಲಿ ಇಳಿದರು. ಕೆಳಗೆ ಹೋದರೆ ದಂಡೆಯಲ್ಲಿ ಮರಳಿಲ್ಲ, ಉರುಟುಗಲ್ಲು. ಆಗಸ್ಟ್ ಮಧ್ಯಾಹ್ನ. ಟವೆಲ್ ಹಾಸುವಷ್ಟು ಜಾಗಕ್ಕೆ ನಾಲ್ಕು ಜನರ ಹತ್ತಿರ ‘ಪಾರ್ದೋಂ, ಪಾರ್ದೋಂ’ ಎನ್ನಬೇಕಾಯಿತು. ಬಂದ ದಾರಿಯಲ್ಲೇ ಹತ್ತಿ ವಾಪಸು ಹೋಗಬೇಕು ಎಂಬ ಯೋಚನೆ ಇದ್ದುದರಿಂದ ಆ ಚೆಂದದ ನೀರಿನಲ್ಲೂ ಮನಸ್ಸು ನಿಲ್ಲಲಿಲ್ಲ.

ಅದೇ ಆನ್-ವೋಗೆ ಅಕ್ಟೋಬರ್ ಮೊದಲ ವಾರ, ಬೆಳಗ್ಗೆ ಏಳಕ್ಕೆ ಕಸಿ ಬಿಟ್ಟು ಹೋಗಿದ್ದೆ. ದಂಡೆಯಲ್ಲಿ ನನ್ನನ್ನೂ ಸೇರಿಸಿ ಆರು ಜನ. ಬಂಡೆ ಹತ್ತುವವರು ಪರಸ್ಪರ ಕೂಗಿದ ಮಾತು ಗೋಡೆಯಿಂದ ಗೋಡೆಗೆ ತಾಗಿ ಬರುತ್ತಿತ್ತು. ನೀರಲ್ಲಿ ಕತ್ತಿನವರೆಗೆ ನಿಂತರೂ ಕಾಲಿನ ಉಗುರಿನ ಬಣ್ಣ ಕಾಣುತ್ತಿತ್ತು. ಜಾಗ ಒಂದೇ, ತಿಂಗಳು ಬೇರೆ.

ಹಾಗಾಗಿ ನನ್ನ ಸಲಹೆ ಇಷ್ಟು: ಬೇಸಿಗೆಯಲ್ಲಿ ಹೋದವರು ಅಂಚಿನವರೆಗೆ ಹತ್ತಿ ಮೇಲಿಂದ ಆನ್-ವೋ ನೋಡಿ, ಇಳಿಯದೆ ಹಿಂದೆ ಬಂದು ಪೋರ್-ಪ್ಯಾನ್‌ನಲ್ಲಿ ಈಜಿ. ಮೇ, ಅಕ್ಟೋಬರ್‌ನಲ್ಲಿ, ಹಿಡಿತವಿರುವ ಬೂಟು ಹಾಕಿಕೊಂಡು, ಬೆಳಗಿನ ಹೊತ್ತು ಹೋಗುವವರು ಧಾರಾಳವಾಗಿ ಇಳಿಯಿರಿ.

ಮಾರ್ಸೇ ಕಡೆಯವು

ಕಾರಿಲ್ಲದೆ ಮಾರ್ಸೇಯಲ್ಲಿ ಉಳಿದವರಿಗೆ ನಗರದ ಬಸ್ಸಿನಲ್ಲೇ ಹೋಗಬಹುದಾದ ಕಲಾಂಕ್‌ಗಳಿವೆ. ಅರ್ಧ ಗಂಟೆ ಟ್ರಾಫಿಕ್ಕಿನಲ್ಲಿ ಕೂತು, ಇಳಿದು, ಕಾಡಿಗೆ ನುಗ್ಗಿ, ಒಂದು ಗಂಟೆಯಲ್ಲಿ ಇಂಥ ನೀರಿಗೆ ಬೀಳುವುದು ಬೇರೆ ಯಾವ ದೊಡ್ಡ ನಗರದಲ್ಲಿ ಸಾಧ್ಯವೋ ನಾನು ಕಾಣೆ.

ಸುಜಿತೋಂಗೆ ಹೋಗಲು ಬಿ1 ಬಸ್ ಹಿಡಿದು ಕೊನೆಯ ನಿಲ್ದಾಣ ಲ್ಯುಮಿನಿಯಲ್ಲಿ ಇಳಿಯಬೇಕು, ಅದು ವಿಶ್ವವಿದ್ಯಾಲಯದ ಆವರಣ. ಅಗಲವಾದ ಕಾಡುದಾರಿ, ಒಂದು ಏರು, ಅಲ್ಲಿಂದ ಕಡಲ ನೋಟ, ನಂತರ ಇಳಿಜಾರು. ಮುಕ್ಕಾಲರಿಂದ ಒಂದು ಗಂಟೆ. ಕೆಳಗೆ ನೀರಿನ ನಡುವೆ ಯುದ್ಧನೌಕೆಯ ಹಾಗೆ ಕಾಣುವ ಬಂಡೆಯಿದೆ, ಹೆಸರೂ ‘ತೋರ್ಪಿಯೂರ್’, ಟಾರ್ಪಿಡೊ ದೋಣಿ ಅಂತಲೇ. ಬಸ್ಸಿಳಿದರೆ ಸಾಕು ಎಂಬ ಸುಲಭದಿಂದಲೇ ಇದಕ್ಕೆ ಕುತ್ತು ಬಂತು. ಬೇಸಿಗೆಯ ದಿನಗಳಲ್ಲಿ 2,500 ಜನರವರೆಗೆ ಬರತೊಡಗಿದರು. ಕಾಲ್ತುಳಿತಕ್ಕೆ ಮಣ್ಣು ಕೊಚ್ಚಿ ಹೋಗಿ ಪೈನ್ ಮರಗಳ ಬೇರು ಬಯಲಾಯಿತು, ಹೊಸ ಸಸಿ ಏಳುವುದು ನಿಂತಿತು. 2022ರಿಂದ ಬೇಸಿಗೆಯಲ್ಲಿ ದಿನಕ್ಕೆ 400 ಜನ ಮಾತ್ರ. ಆನ್‌ಲೈನ್‌ನಲ್ಲಿ ಮೊದಲೇ ಹೆಸರು ಬರೆಸಬೇಕು, ದುಡ್ಡಿಲ್ಲ. ಬಂದ ಕ್ಯೂಆರ್ ಕೋಡ್ ತೋರಿಸಿದರೆ ಬಿಡುತ್ತಾರೆ, ಇಲ್ಲದೆ ಸಿಕ್ಕಿಬಿದ್ದರೆ 68 ಯೂರೊ ದಂಡ. ಹೋಗುವ ದಿನಕ್ಕೆ ಕೆಲವೇ ದಿನ ಮುಂಚೆ ಬುಕಿಂಗ್ ತೆರೆಯುತ್ತದೆ. ತತ್ಕಾಲ್ ಟಿಕೆಟ್ ಮಾಡಿ ಅಭ್ಯಾಸವಿರುವ ನಮ್ಮವರಿಗೆ ಅದೇನು ಕಷ್ಟವಲ್ಲ. ಬೇಸಿಗೆಯಲ್ಲೇ ಬರುವವರಿಗೆ ನಾನು ಮೊದಲು ಹೇಳುವ ಹೆಸರು ಇದು. 400 ಜನ ಅಂದರೆ ಕೂರಲು ಜಾಗ ಸಿಗುತ್ತದೆ. ಆನ್-ವೋದಲ್ಲಿ ಆ ಭರವಸೆ ಇಲ್ಲ.

ಲ್ಯುಮಿನಿಗೆ ಹೋಗುವ ದಾರಿಯ ಕಡೆಗೇ ಮಜಾರ್ಗ್ ಎಂಬ ಬಡಾವಣೆಯಿದೆ. ಅಲ್ಲಿನ ಯುದ್ಧ ಸ್ಮಶಾನದಲ್ಲಿ ಮೊದಲ ಮಹಾಯುದ್ಧದ ಭಾರತೀಯ ಸೈನಿಕರ ಸ್ಮಾರಕವಿದೆ. 1914ರ ಸೆಪ್ಟೆಂಬರಿನಲ್ಲಿ ಆ ಯುದ್ಧಕ್ಕೆಂದು ಭಾರತದ ಪಡೆಗಳು ಯುರೋಪಿನ ನೆಲಕ್ಕೆ ಮೊದಲು ಕಾಲಿಟ್ಟದ್ದು ಇದೇ ಮಾರ್ಸೇಯಲ್ಲಿ. ಚಿಕ್ಕಪ್ಪ ಫೌಜಿನಲ್ಲಿದ್ದವರು. ಅವರಿಗೆ ಕಲಾಂಕ್ ಎರಡನೆಯದಾಯಿತು, ಮೊದಲು ಅಲ್ಲಿ ಇಳಿದು ಒಂದು ಗಂಟೆ ಕಲ್ಲಿನ ಮೇಲಿನ ಹೆಸರುಗಳನ್ನು ಓದಿದರು.

ಸೋರ್ಮಿಯು ಇವುಗಳಲ್ಲಿ ಅಗಲವಾದದ್ದು. ನಿಜವಾದ ಮರಳಿನ ದಂಡೆ, ಮೀನುಗಾರರ ಹಳೆಯ ಗುಡಿಸಲುಗಳು, ಒಂದೆರಡು ಊಟದ ಮನೆ. ಮಕ್ಕಳಿಗೆ ಮರಳು ಬೇಕು ಅಂದರೆ ಬೇರೆ ಕಡೆ ಹುಡುಕಬೇಡಿ. ಬೇಸಿಗೆಯಲ್ಲಿ ದಂಡೆಯವರೆಗೆ ಹೊರಗಿನ ಕಾರುಗಳನ್ನು ಬಿಡುವುದಿಲ್ಲ, ಲಾ ಕಯೋಲ್ ಬಡಾವಣೆಯಿಂದ ಮುಕ್ಕಾಲು ಗಂಟೆ ಡಾಂಬರು ರಸ್ತೆಯಲ್ಲೇ ನಡಿಗೆ. ಹೋಗುವಾಗ ಇಳಿಜಾರು, ಬರುವಾಗ ಸಂಜೆ ಬಿಸಿಲಿಗೆ ಕಾದ ಡಾಂಬರಿನ ಮೇಲೆ ಏರು. ಹೆಗಲ ಮೇಲೆ ನಿದ್ದೆಹೋದ ಮಗು ಬೇರೆ.

ಪಕ್ಕದ ಮೋರ್ಜಿಯು ಇನ್ನೂ ಪುಟ್ಟ ಬಂದರು, ಈಜುಗಾರರಿಗಿಂತ ಸುಮ್ಮನೆ ಕೂರುವವರಿಗೆ ಹೇಳಿದ್ದು. ಬೋಮೆತ್ ಜೈಲಿನ ಗೋಡೆ ದಾಟಿ ರಸ್ತೆ ಹೋಗುತ್ತದೆ, ಸ್ವರ್ಗಕ್ಕೆ ದಾರಿ ಅಲ್ಲಿಂದಲೇ ಎಂದು ಯಾರಿಗೂ ಅನಿಸುವುದಿಲ್ಲ. ಈ ಮೋರ್ಜಿಯು ಭೂಶಿರದ ಕೆಳಗೇ ಕೊಸ್ಕೇರ್ ಗುಹೆ ಇರುವುದು. ಬಾಯಿ ನೀರಿನ ಕೆಳಗೆ 37 ಮೀಟರ್ ಆಳದಲ್ಲಿ. ಆನ್ರಿ ಕೊಸ್ಕೇರ್ ಎಂಬ ಮುಳುಗುಗಾರ 1985ರಲ್ಲಿ ಅದನ್ನು ಕಂಡುಕೊಂಡ. ಚಿತ್ರಗಳ ಸುದ್ದಿ ಹೊರಬಿದ್ದದ್ದು 1991ರಲ್ಲಿ, ಮೂವರು ಮುಳುಗುಗಾರರು ಅಲ್ಲಿ ದಾರಿ ತಪ್ಪಿ ಸತ್ತ ಮೇಲೆ. ಒಳಗೆ ಗೋಡೆಯ ಮೇಲೆ ಕೈಯ ಅಚ್ಚು, ಕುದುರೆ, ಕಾಡುಮೇಕೆ, ಪೆಂಗ್ವಿನ್ನಿನಂತೆ ಕಾಣುವ ಹಕ್ಕಿ. ಹಳೆಯವು 27,000 ವರ್ಷಕ್ಕೂ ಹಿಂದಿನವು. ಕಡಲು ಕಿಲೋಮೀಟರ್‌ಗಟ್ಟಲೆ ದೂರವಿದ್ದ ಕಾಲದಲ್ಲಿ ಜನ ಒಣನೆಲದ ಮೇಲೆ ನಡೆದು ಒಳಗೆ ಹೋಗಿ ಬರೆದದ್ದು. ಗುಹೆಗೆ ನಾವು ಹೋಗುವಂತಿಲ್ಲ. 2022ರ ಜೂನ್‌ನಲ್ಲಿ ಮಾರ್ಸೇಯ ಹಳೆ ಬಂದರಿನ ಬಾಯಲ್ಲಿ, ಮ್ಯುಸೆಂ ಎಂಬ ವಸ್ತುಸಂಗ್ರಹಾಲಯದ ಪಕ್ಕ, ಅದರ ಪ್ರತಿಕೃತಿ ತೆರೆದಿದ್ದಾರೆ. ಕೆಂಪು ಬಣ್ಣ ಬಿದ್ದು ಗುಡ್ಡ ಮುಚ್ಚಿದ ದಿನ ನೆಂಟರನ್ನು ನಾನು ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದೆ, ಯಾರೂ ಗೊಣಗಲಿಲ್ಲ.

ಗುಂಪಿಗೆ ಸೇರದ ಇನ್ನೊಂದಿದೆ, ಕಸಿಯ ಆಚೆ ಲಾ ಸಿಯೊತಾ ಊರಿನಲ್ಲಿ: ಫಿಗರೋಲ್. ಇಲ್ಲಿ ಬಿಳಿ ಸುಣ್ಣಕಲ್ಲಿಲ್ಲ. ಉರುಟುಗಲ್ಲುಗಳನ್ನು ಕೆಂಪು ಗಾರೆಯಲ್ಲಿ ಕಲಸಿ ಗೋಡೆ ಕಟ್ಟಿದಂತಿರುವ ಬಂಡೆ, ಗಾಳಿ ಕೊರೆದು ವಿಚಿತ್ರ ಆಕಾರ ತಾಳಿದೆ. ಊರಿನ ಅಂಚಿನಿಂದ 87 ಮೆಟ್ಟಿಲು ಇಳಿದರೆ ನೀರು. ಕಾಡುದಾರಿ ಇಲ್ಲ, ಮೂರು ತಾಸಿನ ನಡಿಗೆ ಇಲ್ಲ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿನ ಮುಂದೆ 87 ಏನು ಲೆಕ್ಕ ಎಂದು ಅಮ್ಮನೇ ಹೇಳಿದ್ದು.

ನಡಿಗೆಯೋ, ಬೋಟೋ, ಕಯಾಕೋ

ನಡೆಯಲಾಗದವರಿಗೆ ಕಸಿ ಬಂದರಿನಿಂದ ಬೋಟುಗಳಿವೆ. ಮೂರು ಕಲಾಂಕ್‌ನ ಸುತ್ತು ಮುಕ್ಕಾಲು ಗಂಟೆ. ಐದರದು, ಎಂಟೊಂಬತ್ತರದು ಅಂತ ಉದ್ದದವೂ ಇವೆ. ಮೂರರಲ್ಲಿ ಪೋರ್-ಮಿಯು, ಪೋರ್-ಪ್ಯಾನ್, ಆನ್-ವೋ ಮೂರೂ ಬರುತ್ತವೆ, ಹೆಚ್ಚಿನವರಿಗೆ ಅಷ್ಟು ಸಾಕು. ಉದ್ದದ ಸುತ್ತಿನಲ್ಲಿ ಬಂಡೆಯ ಮೇಲೆ ಬಂಡೆ ನೋಡಿ ನೋಡಿ ಕೊನೆಗೆ ತಲೆಯೊಳಗೆ ಎಲ್ಲ ಒಂದೇ ಆಗುತ್ತದೆ, ನನ್ನ ಅನುಭವ. ಒಂದು ವಿಷಯ ಮೊದಲೇ ತಿಳಿದಿರಲಿ: ಬೋಟು ಕೊಲ್ಲಿಯೊಳಗೆ ಹೋಗಿ ತಿರುಗಿ ಬರುತ್ತದೆ, ಯಾರನ್ನೂ ಇಳಿಸುವುದಿಲ್ಲ. ಈಜುಡುಗೆ ಹಾಕಿಕೊಂಡು ಟವೆಲ್ ಹಿಡಿದು ಹತ್ತಿದ ಕುಟುಂಬಗಳ ಮುಖ ನಾನು ಕಂಡಿದ್ದೇನೆ.

ಮಾರ್ಸೇಯ ಹಳೆ ಬಂದರಿನಿಂದ ಹೊರಡುವ ಬೋಟುಗಳು ಎರಡು ತಾಸಿಗೂ ಮಿಕ್ಕಿದ ಪಯಣ. ಹೆಚ್ಚು ಹೊತ್ತು ತೆರೆದ ಕಡಲಲ್ಲಿ ಹೋಗುತ್ತವೆ. ಘಾಟಿ ರಸ್ತೆಯಲ್ಲಿ ಬಸ್ಸು ಹತ್ತಿದರೆ ನಿಂಬೆಹಣ್ಣು ಮೂಸುವ ಜಾತಿಯವರು ಕಸಿಯಿಂದಲೇ ಹೋಗುವುದು ಲೇಸು. ಎಲ್ಲಿಂದ ಹೋದರೂ ಮಿಸ್ತ್ರಾಲ್ ಎದ್ದ ದಿನ ಬೋಟಿಲ್ಲ. ಚಿಕ್ಕಪ್ಪ ಚಿಕ್ಕಮ್ಮನನ್ನು ಕರೆದುಕೊಂಡು ಹೋದ ದಿನ ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಬಂದರಿಗೆ ಹೋದರೆ ಟಿಕೆಟ್ ಗೂಡಿಗೆ ಬೀಗ, ಹಾಯಿಕಂಬಗಳ ಹಗ್ಗಗಳು ಟಣಟಣ ಬಡಿದುಕೊಳ್ಳುತ್ತಿದ್ದವು. ಬಿಸಿಲಿದ್ದರೆ ಹವಾಮಾನ ಚೆನ್ನಾಗಿದೆ ಎಂಬುದು ನಮ್ಮ ಮಳೆಗಾಲದ ಲೆಕ್ಕ; ಇಲ್ಲಿ ಗಾಳಿ ನೋಡಬೇಕು.

ತೋಳಿನಲ್ಲಿ ಕಸುವಿದ್ದರೆ ಕಯಾಕ್. ಕಸಿಯಲ್ಲಿ ಬಾಡಿಗೆಗೆ ಸಿಗುತ್ತದೆ. ಆನ್-ವೋದ ಒಳಭಾಗಕ್ಕೆ ಬೇಸಿಗೆಯಲ್ಲಿ ಮೋಟಾರು ಬೋಟು ಬರದಂತೆ ತೇಲುಗುಂಡು ಕಟ್ಟಿರುತ್ತಾರೆ, ಕಯಾಕಿಗೆ ಆ ಅಡ್ಡಿಯಿಲ್ಲ. ನಡಿಗೆ, ಬೋಟು, ಕಯಾಕ್ ಮೂರರಲ್ಲಿ ಯಾವುದು ಒಳ್ಳೆಯದು ಎಂದರೆ ನನ್ನ ಮತ ಇದಕ್ಕೇ. ಮೊಣಕಾಲಿಗೆ ಕೆಲಸವಿಲ್ಲ, ನಿಮಗೆ ಬೇಕಾದಷ್ಟು ಹೊತ್ತು ಗೋಡೆಯ ಬುಡದಲ್ಲಿ ತೇಲಬಹುದು. ಆದರೆ ಬೆಳಗ್ಗೆಯೇ ಹೊರಡಿ. ಮಧ್ಯಾಹ್ನದ ಗಾಳಿಗೆ ಎದುರಾಗಿ ಹುಟ್ಟುಹಾಕಿ ಬಂದ ರಾತ್ರಿ ನನಗೆ ಊಟದ ಚಮಚ ಎತ್ತಲೂ ಭುಜ ನೋಯುತ್ತಿತ್ತು.

ನೀರು ಜುಲೈಯಲ್ಲೂ ಕೊರೆಯಬಹುದು

ಇದನ್ನು ಯಾರೂ ಮೊದಲು ಹೇಳುವುದಿಲ್ಲ. ಬಿಸಿಲು 34 ಡಿಗ್ರಿ, ನೀರು ಸ್ನಾನದ ಹಂಡೆಯ ಹಾಗಿರುತ್ತದೆ ಎಂದುಕೊಂಡು ಧುಮುಕಿದರೆ ಉಸಿರು ಕಟ್ಟುತ್ತದೆ. ಮಿಸ್ತ್ರಾಲ್ ಉತ್ತರದ ಕಡೆಯಿಂದ, ನೆಲದಿಂದ ಕಡಲಿಗೆ ಬೀಸುತ್ತದೆ. ಮೇಲ್ಪದರದ ಬೆಚ್ಚನೆಯ ನೀರನ್ನು ದೂರ ತಳ್ಳುತ್ತದೆ, ಆ ಜಾಗಕ್ಕೆ ಆಳದ ತಣ್ಣೀರು ಮೇಲೇಳುತ್ತದೆ. ಒಂದೆರಡು ದಿನದಲ್ಲೇ ನೀರಿನ ಬಿಸಿ ಏಳೆಂಟು ಡಿಗ್ರಿ ಇಳಿಯುವುದುಂಟು. ಹಾಗಾಗಿ ಗಾಳಿ ನಿಂತ ಮರುದಿನವೇ ಈಜಲು ಓಡಬೇಡಿ, ಎರಡು ಮೂರು ದಿನ ಬಿಡಿ. ಅದೇ ಗಾಳಿಯ ಉಪಕಾರವೂ ಇದೆ: ಮಿಸ್ತ್ರಾಲ್ ತೊಳೆದ ಮರುದಿನದ ಬೆಳಕಿನಲ್ಲಿ ಕಸಿ ಪಕ್ಕದ ಕಾಪ್ ಕನಾಯ್ ಭೂಶಿರದ 394 ಮೀಟರ್ ಎತ್ತರದ ಕೆಂಗಂದು ಗೋಡೆ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತದೆ. ನಡಿಗೆಗೆ, ಫೋಟೊಗೆ ಅಂಥ ದಿನ. ಈಜಿಗೆ ಗಾಳಿಯಿಲ್ಲದ ದಿನ.

ಉಬ್ಬರ ಇಳಿತದ ಚಿಂತೆ ಬೇಡ. ನಮ್ಮ ಕರಾವಳಿಯ ಹಾಗೆ ಬೆಳಗ್ಗೆ ಇದ್ದ ದಂಡೆ ಸಂಜೆಗೆ ಮಾಯವಾಗುವುದಿಲ್ಲ, ಮೆಡಿಟರೇನಿಯನ್‌ನಲ್ಲಿ ಏರಿಳಿತ ಗೇಣುದ್ದ ಅಷ್ಟೇ. ಆದರೆ ಕರಾವಳಿಯಲ್ಲಿ ಕಾಲಿಟ್ಟಲ್ಲೆಲ್ಲ ಮರಳು, ಇಲ್ಲಿ ಕಲ್ಲು, ಕಲ್ಲಿನ ಮೇಲೆ ಮುಳ್ಳಿನ ಸಮುದ್ರ ಚೆಂಡುಗಳು. ನೀರಿಗೆ ಇಳಿಯುವ ರಬ್ಬರ್ ಶೂ ಇದ್ದರೆ ಒಳ್ಳೆಯದು. ಭಾವನ ಚಪ್ಪಲಿಗೆ ಬಳಕೆ ಅಂತ ಇದ್ದರೆ ಇದೊಂದೇ.

ಇಷ್ಟಾದ ಮೇಲೂ ಒಂದೇ ದಿನ ಇದೆ, ಒಂದೇ ಜಾಗ ಹೇಳಿ ಎನ್ನುವವರು ಇದ್ದೇ ಇರುತ್ತಾರೆ. ಅಪ್ಪ ಅಮ್ಮ ಜೊತೆಗಿದ್ದರೆ ಬೆಳಗಿನ ಬೋಟು, ಆಮೇಲೆ ಪೋರ್-ಮಿಯುವರೆಗೆ ನಡಿಗೆ, ಮಧ್ಯಾಹ್ನ ಬಂದರಿನಲ್ಲಿ ಊಟ. ಸಣ್ಣ ಮಕ್ಕಳಿದ್ದರೆ ಸೋರ್ಮಿಯು, ಬಿಸಿಲೇರುವ ಮೊದಲು. ಗಂಡ ಹೆಂಡತಿ ಇಬ್ಬರೇ, ಜುಲೈ ತಿಂಗಳು ಅಂದರೆ ಸುಜಿತೋಂ ಬುಕ್ ಮಾಡಿ. ಬುಕಿಂಗ್ ಸಿಗದಿದ್ದರೆ ಪೋರ್-ಪ್ಯಾನ್. ಕಾಲೇಜು ಹುಡುಗರು ನಾಲ್ಕು ಜನ, ಅಕ್ಟೋಬರ್, ಒಳ್ಳೆ ಬೂಟು ಇವೆ ಅಂದರೆ ನಾನು ಕೇಳುವ ಮೊದಲೇ ನೀವು ಆನ್-ವೋ ಹಾದಿಯಲ್ಲಿರುತ್ತೀರಿ. ಎರಡು ದಿನ ನಡೆಯುವ ತಾಕತ್ತು ಇರುವವರಿಗೆ ಜಿಆರ್ 98-51 ಎಂಬ ಕಾಲ್ದಾರಿ ಪಶ್ಚಿಮದ ಕಲ್‌ಲೋಂಗ್‌ನಿಂದ ಕಸಿಯವರೆಗೆ ಎಲ್ಲವನ್ನೂ ಪೋಣಿಸಿಕೊಂಡು ಹೋಗುತ್ತದೆ. ಅದರ ವಿಷಯ ಇಲ್ಲಿ ಬರೆಯಲು ಹೊರಟರೆ ಮುಗಿಯುವುದಿಲ್ಲ.

ಹೋಗುವ ದಾರಿ: ಪ್ಯಾರಿಸ್ಸಿನಿಂದ ಮಾರ್ಸೇಗೆ ಟಿಜಿವಿ ಎಂಬ ವೇಗದ ರೈಲಿನಲ್ಲಿ ಮೂರು ತಾಸು ಚಿಲ್ಲರೆ, ಅಲ್ಲಿಂದ ಕಸಿಗೆ ಲೋಕಲ್ ರೈಲಿನಲ್ಲಿ ಅರ್ಧ ಗಂಟೆಯೊಳಗೆ. ಕಾರಿನವರಿಗೆ ಬೇಸಿಗೆಯಲ್ಲಿ ಊರೊಳಗೆ ಪಾರ್ಕಿಂಗ್ ಸಿಗುವುದು ಬೆಳಗ್ಗೆ ಒಂಬತ್ತರವರೆಗೆ. ತಡವಾದರೆ ಊರಾಚೆಯ ಗೋರ್ಗೆತ್ ಪಾರ್ಕಿಂಗ್‌ನಲ್ಲಿ ಬಿಟ್ಟು ಅಲ್ಲಿನ ಬಸ್ಸಿನಲ್ಲಿ ಬನ್ನಿ. ರೈಲಿನವರು ಗಮನಿಸಬೇಕಾದದ್ದು, ಕಸಿ ನಿಲ್ದಾಣ ಊರಿನಿಂದ ಮೂರು ಕಿಲೋಮೀಟರ್ ಮೇಲಿದೆ. ಬೆಳಗ್ಗೆ ದ್ರಾಕ್ಷಿ ತೋಟಗಳ ನಡುವೆ ಇಳಿದು ಬರುವಾಗ ಚೆಂದ ಅನಿಸುತ್ತದೆ. ಸಂಜೆ ಆರಕ್ಕೆ, ಉಪ್ಪು ಒಣಗಿದ ಮೈಯಲ್ಲಿ, ಖಾಲಿ ನೀರಿನ ಬಾಟಲಿ ಹಿಡಿದು ಅದೇ ದಾರಿ ಹತ್ತುವಾಗ ಹಾಗನಿಸುವುದಿಲ್ಲ. ನಿಲ್ದಾಣದ ಬಸ್ಸಿನ ಸಮಯವನ್ನು ಬೆಳಗ್ಗೆಯೇ ಫೋಟೊ ಹೊಡೆದು ಇಟ್ಟುಕೊಳ್ಳಿ.